ಬಾಯಿ ಕಟ್ಟಿದ ಎಂಜಿನ್ನು

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ನಾನು ಶನಿವಾರಸಂತೆಯ ಹತ್ತಿರ ಮದುವೆಯಾಗಿ ಬಂದ ಹೊಸತು. ಆ ಬೇಸಿಗೆ ನಮ್ಮ ಮನೆಯಲ್ಲಿ ಹರಿದ ರಕ್ತಕ್ಕೆಲ್ಲ ಕಾರಣ, ಅಂಗೈಯಲ್ಲಿ ಹಿಡಿಸುವಷ್ಟು ಒಂದು ಎಂಜಿನ್ನು.

ನನ್ನ ಗಂಡ ಪಕ್ಕದ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ನು ನೋಡಿಕೊಳ್ಳುತ್ತಿದ್ದರು. ಊರು ಬಿಟ್ಟು ಹೊರಟ ಬಿಳಿ ದೊರೆ ತನ್ನ ಆಟದ ವಿಮಾನವನ್ನು ಅವರ ಕೈಗಿಟ್ಟು ಹೋಗಿದ್ದ. ಅದರ ಮೂತಿಯಲ್ಲಿದ್ದ ಎಂಜಿನ್ನಿಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಹಾಕಿದರೆ ಕಿವಿ ಹರಿಯುವಂತೆ ಕೂಗುತ್ತಿತ್ತು. ರೆಕ್ಕೆಗೆ ಕಟ್ಟಿದ ಎರಡು ಸಣ್ಣ ತಂತಿ ಹಿಡಿದು ನಡುವೆ ನಿಂತರೆ ವಿಮಾನ ಸುತ್ತಲೂ ಹಾರುತ್ತಿತ್ತು.

ಮೊದಲ ಸಲ ಹಾರಿಸಿದಾಗ ಭಾವ ಗದ್ದೆಯ ಬದುವಿನ ಮೇಲಿದ್ದರು. ನನ್ನ ಗಂಡನ ಅಣ್ಣ. ಬರ್ಮಾ ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ, ವಿಮಾನ ದಾಳಿಯಲ್ಲಿ ಜೊತೆಯವರನ್ನು ಕಳೆದುಕೊಂಡು ಬಂದವರು. ಸದ್ದು ಕೇಳಿದ್ದೇ ಮುಖ ಕೆಳಗಾಗಿ ಮಣ್ಣಿಗೆ ಬಿದ್ದರು. ಎದ್ದವರು ಸೌದೆ ಕೊರಡು ಎತ್ತಿಕೊಂಡು ಓಡಿ ಬಂದು, ಕೆಳಗಿಳಿದಿದ್ದ ವಿಮಾನದ ರೆಕ್ಕೆ ಪುಡಿ ಮಾಡಿದರು. ಆಮೇಲೆ ತಮ್ಮನ ಬೆನ್ನಿಗೆ ಬಾರಿಸಿದರು. ಅತ್ತೆ ಅಡ್ಡ ಬಂದರು. ಅವರ ಮೊಣಕೈಗೂ ಏಟು ಬಿತ್ತು.

“ಆ ಸದ್ದು ಇನ್ನೊಂದ್ ಸಲ ಕೇಳ್ಸಿದ್ರೆ ಕೊಚ್ಚಿ ಹಾಕ್ತೀನಿ!” ಎಂದು ಕೂಗಿ, ದನದ ಕೊಟ್ಟಿಗೆಗೆ ಹೋಗಿ ಕಿವಿ ಮುಚ್ಚಿಕೊಂಡು ಕೂತರು.

ನನ್ನ ಗಂಡ ಬಿಡಲಿಲ್ಲ. ರೆಕ್ಕೆ ಕಟ್ಟಿದರು. ಸದ್ದು ಅಡಗಲೆಂದು ಹಲ್ಲುಪುಡಿ ಡಬ್ಬಿಯನ್ನು ಹೊಗೆ ಬಾಯಿಗೆ ಬೆಸೆದು, ತುದಿಯಲ್ಲಿ ಒಂದು ತೂತು ಕೊರೆದರು. ಸದ್ದೇನೋ ತಗ್ಗಿತು, ಆದರೆ ಎಂಜಿನ್ನು ಬಿಸಿಯಾಗಿ ಎಣ್ಣೆ ಸಾಲದೆ ನಿಲ್ಲುತ್ತಿತ್ತು. ಅದಕ್ಕೆ ಡಬ್ಬಿಯಿಂದ ಎಣ್ಣೆ ಟ್ಯಾಂಕಿಗೆ ಸೈಕಲ್ಲಿನ ವಾಲ್‌ಟ್ಯೂಬು, ಆ ಸಣ್ಣ ರಬ್ಬರು ಕೊಳವೆ, ಎಳೆದರು. ಹೊಗೆಯ ಒತ್ತಡವೇ ಎಣ್ಣೆಯನ್ನು ಮುಂದಕ್ಕೆ ತಳ್ಳಲಿ ಎಂದು. ಭಾವ ಹತ್ತಿರವಿಲ್ಲದ ಹೊತ್ತಿನಲ್ಲಿ ಕೆಲವು ದಿನ ಚೆನ್ನಾಗಿಯೇ ಓಡಿತು.

ಒಂದು ಮಧ್ಯಾಹ್ನ ಅಂಗಳದ ಹಲಸಿನ ಬೊಡ್ಡೆಗೆ ಎಂಜಿನ್ನು ಬಿಗಿದು ಓಡಿಸಿದರು. ಅದು ಎಣ್ಣೆ ಹೆಚ್ಚಾಗಿ ಕೆಮ್ಮಿತು, ದಟ್ಟ ಹೊಗೆ ಕಾರಿತು. ಅವರು ಎಣ್ಣೆ ಕಡಿಮೆಯಾಗಲೆಂದು ಅದರ ಸೂಜಿತಿರುಪನ್ನು ಬಿಗಿ ಮಾಡುತ್ತಲೇ ಹೋದರು. ಟ್ಯೂಬು ಉಬ್ಬಿದ್ದು ನನಗೆ ಕಂಡಿತು.

“ರೀ, ಟ್ಯೂಬು ನೋಡ್ರಿ!”

ಅಷ್ಟರಲ್ಲಿ ಅದು ಟ್ಯಾಂಕಿನಿಂದ ಕಿತ್ತು ಹಾರಿತು. ಎಂಜಿನ್ನು ಚೀರಿತು. ಟ್ಯೂಬು ಹಿಡಿಯಲು ಕೈ ಚಾಚಿದ ನನ್ನ ಗಂಡನ ಬೆರಳಿಗೆ ಎಂಜಿನ್ನಿನ ಮುಂದೆ ತಿರುಗುತ್ತಿದ್ದ ಪಂಖ ಬಡಿಯಿತು. ಪಂಖದ ಮುರಿದ ಚೂರು ನನ್ನ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಗೆ ಬಡಿಯಿತು. ಎಂಜಿನ್ನು ನಿಂತಿತು. ತೋರುಬೆರಳಿನ ಮೂಳೆ ಬೆಳ್ಳಗೆ ಕಾಣುತ್ತಿತ್ತು. ರಕ್ತ ನನ್ನ ಸೀರೆಯ ಮೇಲೆಲ್ಲ.

ಆ ಸದ್ದು ಕೇಳಿ ಭಾವ ಕತ್ತಿ ಹಿಡಿದು ಓಡಿ ಬಂದರು. ಇವರನ್ನು ಕಡಿದೇಬಿಡುತ್ತಾರೆಂದು ನಾನು ಅಡ್ಡ ನಿಂತೆ. ನನ್ನನ್ನು ಪಕ್ಕಕ್ಕೆ ತಳ್ಳಿದರು. ರಕ್ತ ನೋಡಿದರು. ಕತ್ತಿ ಕೆಳಗೆ ಬಿತ್ತು. ತಮ್ಮನ ಕೆನ್ನೆಗೆ ಎರಡೂ ಕಡೆ ಬಾರಿಸಿ, “ಸಾಯ್ತೀಯೇನೋ? ನನ್ ಕಣ್ಣೆದ್ರಿಗೆ ನೀನೂ ಸಾಯ್ತೀಯೇನೋ?” ಎಂದು ಅಳುತ್ತಾ, ಹೆಗಲ ಟವೆಲ್ಲಿನಿಂದ ಮಣಿಕಟ್ಟು ಬಿಗಿದರು. ಆಸ್ಪತ್ರೆಗೆ ಹೊತ್ತುಕೊಂಡೇ ಹೊರಟರು. ದಾರಿಯಲ್ಲಿ ಒಂದು ಗಾಡಿ ಸಿಕ್ಕಿತು. ಬೆರಳು ಉಳಿಯಿತು, ಮಡಚಲು ಬರಲಿಲ್ಲ.

ಮರುದಿನ ಭಾವ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. “ಏನಾಯ್ತಮ್ಮ? ಒಂದೂ ಬಿಡ್ದಂಗೆ ಹೇಳು.”

ಹೊಗೆ, ಉಬ್ಬಿದ ಟ್ಯೂಬು, ಚೀರಿದ್ದು, ಎಲ್ಲ ಹೇಳಿದೆ. ಅವರು ಡಬ್ಬಿಯ ತೂತಿಗೆ ಕಡ್ಡಿ ಚುಚ್ಚಿದರು, ಹೋಗಲಿಲ್ಲ. ಸುಟ್ಟ ಹರಳೆಣ್ಣೆ ಕಲ್ಲಿನಂತೆ ಕಟ್ಟಿಕೊಂಡಿತ್ತು.

“ಹೊಗೆ ಹೋಗಕ್ಕೆ ದಾರಿನೇ ಇಲ್ಲ. ಎಲ್ಲಾ ಟ್ಯಾಂಕಿಗೇ ನುಗ್ಗಿ ಎಣ್ಣೆ ಜಾಸ್ತಿ ತಳ್ಳೈತೆ. ಟ್ಯೂಬು ಕಿತ್ತಿದ್ದೇ ಎಣ್ಣೆ ಸಾಲ್ದೆ ಚೀರೈತೆ. ನಮ್ ಲಾರಿ ಸೈಲೆನ್ಸರ್‌ಗೂ ಕೆಸರು ತುಂಬ್ಕೊಂಡು ಹಿಂಗೇ ಕಟ್ಕೊಳ್ಳೋದು.”

ತೂತನ್ನು ದೊಡ್ಡದು ಮಾಡಿದರು, ಟ್ಯೂಬಿನ ಎರಡು ತುದಿಗೂ ತಂತಿ ಸುತ್ತಿದರು.

ಗಾಯ ಮಾಯ್ದ ಮೇಲೆ ನನ್ನ ಗಂಡ ಹೊಸ ಪಂಖ ಕೆತ್ತಿ ಹಾಕಿ, ಕೊಯ್ಲಾದ ಗದ್ದೆಯಲ್ಲಿ ಮತ್ತೆ ಹಾರಿಸಿದರು. ಭಾವ ಅತ್ತೆಯ ಭುಜ ಹಿಡಿದು ನಿಂತರು. ಮುಖದಲ್ಲಿ ಬೆವರು ಇಳಿಯುತ್ತಿತ್ತು, ಆದರೆ ಈ ಸಲ ಮಣ್ಣಿಗೆ ಬೀಳಲಿಲ್ಲ. ಎಣ್ಣೆ ಮುಗಿದು ವಿಮಾನ ಇಳಿದಾಗ ಅತ್ತೆಯ ಭುಜದಲ್ಲಿ ಅವರ ಬೆರಳಿನ ಗುರುತು ಮೂಡಿತ್ತು. ಭಾವ ಬದುವಿನ ಆಚೆ ಹೋಗಿ ವಾಂತಿ ಮಾಡಿಕೊಂಡರು. ಕಾಲುವೆಯಲ್ಲಿ ಮುಖ ತೊಳೆದು ಬಂದರು.

“ನಾಳೆ ಬ್ಯಾಡ ಕಣೋ,” ಎಂದರು ತಮ್ಮನಿಗೆ. “ನಾಡಿದ್ದು ಹಾರ್ಸು.”