ಕಲಾಯಿ ಹೋದ ಬೋಗಾಣಿ

ಮೊನ್ನೆ ಸ್ಟಾಫ್ ರೂಮಿನಲ್ಲಿ ಗೆಳತಿಯೊಬ್ಬಳು ದಾಳಿಂಬೆ ಬಿಡಿಸಿ ಸಿಪ್ಪೆಯನ್ನು ಬುಟ್ಟಿಗೆ ಎಸೆದಳು. ನಾನು ತಟ್ಟನೆ ಕೈ ಹಾಕಿ ಎತ್ತಿಕೊಂಡೆ. ಅವಳು ನಕ್ಕಳು. ನಗಲಿ ಬಿಡಿ, ನನಗೆ ಡಾಕ್ಟರೇಟ್ ಕೊಟ್ಟದ್ದು ಈ ಸಿಪ್ಪೆಯೇ.

ಆಗ ಕಲಾದಗಿಯ ಮನೆಯಿಂದ ದಿನವೂ ಬಾಗಲಕೋಟೆಗೆ ಬಸ್ಸು ಹಿಡಿದು ಸಂಶೋಧನೆಗೆ ಹೋಗುತ್ತಿದ್ದೆ. ಸಿಪ್ಪೆಯ ಕಷಾಯಕ್ಕೆ ಸತುವಿನ ಲವಣ ಬೆರೆಸಿ, ಕಾಯಿಸಿ, ಸುಟ್ಟರೆ ಸತುವಿನ ಆಕ್ಸೈಡಿನ ಪುಡಿ ಬರುತ್ತದೆ. ಕಣಗಳು ಎಷ್ಟು ಸಣ್ಣವೆಂದರೆ, ನ್ಯಾನೋ ಎಂಬ ಹೆಸರೇ ಅವಕ್ಕೆ ದೊಡ್ಡದು! ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕಿ ಚೆಲ್ಲುವ ಕೆಂಪು ನೀರಿಗೆ ಅದನ್ನು ಬೆರೆಸಿ ಬಿಸಿಲಿಗಿಟ್ಟೆ. ನೀರು ಬೇಗನೆ ತಿಳಿಯಾಯಿತು. ಗೈಡ್ ಸರ್ ಹಿಗ್ಗಿದರು.

"ಇನ್ನೊಮ್ಮೆ ನನ್ನ ಮುಂದ ಮಾಡಿ ತೋರಸವಾ."

ಲ್ಯಾಬಿನಲ್ಲಿ ಗಾಜಿನ ಪಾತ್ರೆಯಲ್ಲೇ ಸಿಪ್ಪೆ ಕುದಿಸಿ ಮೂರು ಸಲ ಮಾಡಿದೆ. ಮೂರೂ ಸಲ ನೀರು ಕೆಂಪಗೇ ಉಳಿಯಿತು. "ಖರೆ ಹೇಳು, ಮೊದಲಿನ ಅಂಕಿ ನೀನ ಹುಟ್ಟಿಸಿದ್ದೇನು?" ಎಂದರು ಸರ್.

ಅಂಕಿ ಖರೆಯೇ. ಆದರೆ ಮೊದಲ ಕಷಾಯ ಕುದಿಸಿದವಳು ಅವ್ವ. ನನ್ನ ಸೋಮಾರಿತನಕ್ಕೆ ಬಸ್ಸಿನ ಗಡಿಬಿಡಿ ನೆಪ. ನೋಟ್‌ಬುಕ್ಕಿನಲ್ಲಿ ಮಾತ್ರ, ಗಾಜಿನ ಪಾತ್ರೆಯಲ್ಲಿ ನಾನೇ ಕುದಿಸಿದೆ ಎಂದು ಜಂಬದಿಂದ ಬರೆದಿದ್ದೆ. ಮನೆಗೆ ಓಡಿದೆ.

"ಅವ್ವಾ, ಸಿಪ್ಪಿ ಯಾವುದ್ರಾಗ ಕುದಿಸಿದ್ದಿ?"

"ತಾಮ್ರದ ಬೋಗಾಣ್ಯಾಗ. ಕಲಾಯಿ ಹೋಗೇತಿ, ಅಡಿಗಿಗಂತೂ ಬರೂದಿಲ್ಲ. ನಿನ್ನ ಗಾಜಿಂದು ಒಡದ್ರ ಯಾರ ಬೈಸ್ಕೋಬೇಕು? ಯಾಕ, ಕೆಡ್ತೇನು?"

ಒಳಮೈಗೆ ತವರದ ಕಲಾಯಿಯಿಲ್ಲದ ತಾಮ್ರ, ಹುಳಿ ಕಷಾಯ! ತಾಮ್ರ ಅದರೊಳಗೆ ಇಳಿದಿತ್ತು. ಪುಡಿಗೆ ಅಷ್ಟು ಬಲ ಬಂದದ್ದು ಅದರಿಂದ. ನಾನು ಸಿಡುಕಿದೆ: "ಹೂಂ, ನಿನ್ನಿಂದನ ಎಲ್ಲಾ ಕೆಡ್ತು."

ಮರುದಿನ ಸರ್ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. "ಹಾಳಿ ಹರಿಬ್ಯಾಡ. ಒಂದು ಗೆರಿ ಎಳದು, ಕೆಳಗ ಖರೆ ಬರಿ. ಮತ್ತ ಮೊದಲಿಂದ ಸುರು ಮಾಡು" ಎಂದರು. ಒಂದು ವರ್ಷ ವ್ಯರ್ಥವಾಯಿತು. ಆದರೆ ಆ ತಾಮ್ರದ ದಾರಿ ಹಿಡಿದೇ ಪದವಿ ಬಂತು.

ಈ ಕಥೆ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ! ನೋಟ್‌ಬುಕ್ಕಿನ ಮಾತು ಮಾತ್ರ ನುಂಗಿಬಿಡುತ್ತಿದ್ದೆ. ಅವ್ವನೂ ಕೂತು ಕೇಳಿ ನಗುತ್ತಿದ್ದಳು. ಆದರೆ ಅಂದಿನಿಂದ ನನ್ನ ಒಂದು ಸಾಮಾನನ್ನೂ ಅವಳು ಮುಟ್ಟಿಲ್ಲ. ಇದು ನನಗೆ ಹೊಳೆದದ್ದು ಮೊನ್ನೆ, ಸಿಪ್ಪೆ ಕೈಯಲ್ಲಿ ಹಿಡಿದು ನಿಂತಾಗ.

ಅಂದು ಸಂಜೆ ಅವ್ವ ಜೋಳ ಹಸನು ಮಾಡುತ್ತಿದ್ದಳು. ಪಕ್ಕ ಕೂತು, "ಅವತ್ತ ಕೆಟ್ಟಿದ್ದು ನಿನ್ನಿಂದ ಅಲ್ಲ, ಅವ್ವಾ. ನಾನ ಕುದಿಸೀನಂತ ಸುಳ್ಳ ಬರದಾಕಿ ನಾ" ಎಂದೆ.

ಅವಳ ಕೈ ನಿಂತಿತು. "ನಿನ್ನ ಒಂದ ವರ್ಷ ನಾನ ಹಾಳ ಮಾಡೀನಂತ ಇಷ್ಟ ದಿನ ತಿಳಕೊಂಡಿದ್ನಲ್ಲ" ಎಂದಳು.