ಬಿಟ್ಟುಹೋದ ಒಂದು ಸಾಲು

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ, ಸೊನ್ನೆಯಕ್ಕ ಪರದೆಯ ಮೇಲೆ ಬೆರಳಿಟ್ಟು ಫೈಲ್ ಓದುತ್ತಿದ್ದಾರೆ. ಐಸಿಯುವಿನ ನಲವತ್ತೆರಡು ಹಾಸಿಗೆಗೆ ನಲವತ್ತೆರಡು ಫೈಲು. ಆಮ್ಲಜನಕ ಎಷ್ಟಕ್ಕಿಳಿದರೆ ಅಲಾರಂ ಹೊಡೆಯಬೇಕು, ನಾಡಿ ಎಷ್ಟಕ್ಕೇರಿದರೆ ಕೂಗಬೇಕು ಎಂಬುದಕ್ಕೆಲ್ಲ ಅದರಲ್ಲಿ ಒಂದೊಂದು ಸಾಲು. ಆರಕ್ಕೆ ಪಾಳಿ ಬದಲಾಗುವಾಗ ಇವರು ಬರೆದ ಪ್ರೋಗ್ರಾಂ ಆ ಸಾಲುಗಳನ್ನು ಓದಿ, ಕಂಪ್ಯೂಟರಿನ ಮೆಮೊರಿಯಲ್ಲಿ ಹಾಸಿಗೆಗೊಂದು ಆಬ್ಜೆಕ್ಟ್, ಅಂದರೆ ಆ ಹಾಸಿಗೆಯ ಮಿತಿಗಳನ್ನೆಲ್ಲ ಹಿಡಿದಿಡುವ ಒಂದು ಕಟ್ಟು, ಕಟ್ಟುತ್ತದೆ. ಆಮೇಲೆ ಇಡೀ ದಿನ ರೋಗಿಯ ಪಕ್ಕದ ಮಾನಿಟರ್ ಅದು ಹಾಕಿದ ಗೆರೆ ದಾಟುವುದಿಲ್ಲ.

ಸೊನ್ನೆಯಕ್ಕ ಎಂದು ಅಡ್ಡಹೆಸರಿಟ್ಟವರು ನರ್ಸ್‌ಗಳು. “ಯಾವಾಗ ನೋಡಿದ್ರೂ ಎಲ್ಲಾದ್ರೂ ಸೊನ್ನೆ ಸೇರ್ಕೊಂಡಿದ್ಯಾ ಅಂತ ಹುಡುಕ್ತಿರ್ತಾರೆ” ಎಂದು ಹೊಸಬಳೊಬ್ಬಳು ನಗುತ್ತಾಳೆ. ಹಳಬರು ನಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ಹದಿನೇಳನೇ ಹಾಸಿಗೆಯ ಫೈಲನ್ನು ಇವರೇ ಹೊಸದಾಗಿ ಬರೆದಿದ್ದರು. ಅವಸರದಲ್ಲಿ ಆಮ್ಲಜನಕದ ಸಾಲು ಬಿಟ್ಟುಹೋಯಿತು. ಸಾಲು ಇಲ್ಲದಿದ್ದರೆ ಸೊನ್ನೆ ಎಂದುಕೋ ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟವರೂ ಇವರೇ. ಆಮ್ಲಜನಕ ಸೊನ್ನೆಗಿಂತ ಕೆಳಗಿಳಿಯುವುದುಂಟೇ? ಅಲಾರಂ ತುಟಿ ಪಿಟಕ್ಕೆನ್ನಲಿಲ್ಲ. ಆ ಹಾಸಿಗೆಯಲ್ಲಿದ್ದ ಬಸ್ ಡ್ರೈವರ್ ಹಾಡಹಗಲೇ, ಇಬ್ಬರು ನರ್ಸ್‌ಗಳು ಹತ್ತು ಹೆಜ್ಜೆ ದೂರದಲ್ಲಿರುವಾಗ, ತೀರಿಕೊಂಡರು.

“ಯಂತ್ರ ಕೆಟ್ಟಿತ್ತು ಅಂದ್ಬಿಡಿ ಅಂದ್ರು ಮೇಲಿನವರು. ಡ್ರೈವರ್ ಹೆಂಡತಿ, ಆ ಯಮ್ಮ, ಗಂಡನ ಚಪ್ಪಲಿ ಕೈಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು. ಯಂತ್ರ ಸರಿಯಾಗೇ ಇತ್ತಮ್ಮ, ತಪ್ಪು ನಂದು ಅಂದೆ. ಅವರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು” ಎನ್ನುತ್ತಾರೆ ಸೊನ್ನೆಯಕ್ಕ.

ಬಡ್ತಿ ಅಲ್ಲಿಗೇ ನಿಂತಿತು. ಅಂದಿನಿಂದ ಇವರ ಪ್ರೋಗ್ರಾಂ ಒಂದೇ ಒಂದು ಸಾಲು ಕಾಣದಿದ್ದರೂ ಆ ಹಾಸಿಗೆಯ ಆಬ್ಜೆಕ್ಟ್ ಕಟ್ಟಲು ಒಪ್ಪುವುದಿಲ್ಲ. ಪರದೆ ಕೆಂಪಾಗುತ್ತದೆ, ಸಾಲು ತುಂಬುವವರೆಗೆ ನರ್ಸ್ ಒಬ್ಬರು ರೋಗಿಯ ಪಕ್ಕದಲ್ಲೇ ನಿಲ್ಲಬೇಕು. ತಿಂಗಳಿಗೆ ಆರೇಳು ಸಲ ಹೀಗಾಗುತ್ತದೆ, ಬೈಗುಳವೂ ಅಷ್ಟೇ ಸಲ. ಒಬ್ಬರೂ ಇವರನ್ನು ಮೆಚ್ಚಿ ಮಾತಾಡಿದ್ದಿಲ್ಲ. ಆಗದೇ ಉಳಿದ ಸಾವಿಗೆ ಯಾರು ತಾನೇ ಲೆಕ್ಕ ಇಡುತ್ತಾರೆ!

ಹೊಸ ಮೇಲಧಿಕಾರಿಗೆ ಈ ಕೆಂಪು ಕಂಡರಾಗದು. ಸೋಮವಾರದೊಳಗೆ ಆ ತಡೆ ತೆಗೆದು ಮೊದಲಿನಂತೆ ಓಡಿಸಿ, ಇಲ್ಲವೇ ಹಳೇ ಕಡತಗಳ ಕೋಣೆಗೆ ಹೋಗಿ ಎಂದು ಪತ್ರ ಬಂದಿದೆ. ಇಂದು ಶನಿವಾರ. ಪತ್ರವನ್ನು ಕೀಬೋರ್ಡಿನ ಕೆಳಗೆ ಸರಿಸಿ ಸೊನ್ನೆಯಕ್ಕ ಇಪ್ಪತ್ತೊಂಬತ್ತನೇ ಫೈಲ್ ತೆರೆಯುತ್ತಾರೆ.

“ಕಡತದ ಕೋಣೆಗೆ ಬೇಕಾದ್ರೆ ಹೋಗ್ತೀನಿ. ಗೊತ್ತಿಲ್ಲದೇ ಇದ್ರೆ ಗೊತ್ತಿಲ್ಲ ಅನ್ನು ಅಂತ ಪ್ರೋಗ್ರಾಮಿಗೆ ಕಲಿಸಿದ್ದೀನಿ. ಅದನ್ನ ಮರೆಸೋದು ಮಾತ್ರ ನನ್ನ ಕೈಲಿ ಆಗಲ್ಲ.”