ಎಂಟು ಅಕ್ಷರಕ್ಕೆ ನಿಂತ ಹೆಸರುಗಳು

ಕಂಪ್ಯೂಟರಿನಲ್ಲಿದ್ದುದನ್ನು ನಕಲು ಮಾಡಿಡಲು ಜಿಯಾವುಲ್ಲಾ ಅವರ ಬಳಿ ಎರಡನೆಯ ಟೇಪ್ ಇರಲಿಲ್ಲ. ಮೂರು ಸಲ ಅರ್ಜಿ ಬರೆದು ಕೇಳಿದ್ದರು, ಬರಲಿಲ್ಲ.

1987ರ ಫೆಬ್ರವರಿ, ಬೆಳಗಿನ ಐದೂವರೆ. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ರಸ್ತೆಯಂಚಿನ ಕ್ಷಯರೋಗ ಚಿಕಿತ್ಸಾ ಟ್ರಸ್ಟಿನ ಹಿಂಬದಿಯ ಕೋಣೆಯಲ್ಲಿ ಅವರು ವೋಲ್ಟೇಜಿನ ಮುಳ್ಳು ನೋಡುತ್ತ ನಿಂತಿದ್ದಾರೆ. ಮುಳ್ಳು ಅಲುಗದೆ ನಿಂತ ಮೇಲೆ ಸ್ವಿಚ್ ಒತ್ತುತ್ತಾರೆ. ಬೀರುವಿನಷ್ಟು ಎತ್ತರದ ಕಂಪ್ಯೂಟರ್ ಗುಂಯ್ ಅನ್ನುತ್ತದೆ. ಎಂಟಕ್ಕೆ ಸುತ್ತಲಿನ ಕಾರ್ಖಾನೆಗಳು ಶುರುವಾದರೆ ವೋಲ್ಟೇಜ್ ಬೀಳುತ್ತದೆ, ಯಂತ್ರ ನಿಲ್ಲುತ್ತದೆ. ಏನೇ ಮಾಡುವುದಿದ್ದರೂ ಅಷ್ಟರೊಳಗೆ.

ಪ್ರಿಂಟರ್ ಉಗುಳುವ ಉದ್ದನೆಯ ಕಾಗದದ ತುಂಬ ಬರೀ ಅಂಕಿಗಳು. ಸ್ಕೇಲ್ ಇಟ್ಟು ಸಾಲು ಹಿಡಿದು ಓದುತ್ತಾರೆ: 115, 125, 116, 111. ಯಂತ್ರದೊಳಗೆ ಪ್ರತಿ ಅಂಕಿಯೂ ಒಂದು ಇಂಗ್ಲಿಷ್ ಅಕ್ಷರ. ನಾಲ್ಕೂ ಸೇರಿದರೆ ‘ಮುನಿ’.

“ಮತ್ತೆ ಮುನಿ ಬಂತು ನೋಡಿ,” ಎನ್ನುತ್ತಾರೆ. “ಈ ಕಡೆ ಊರುಗಳಲ್ಲಿ ಇದೇ ಕಷ್ಟ ಕಣ್ರೀ. ಮುನಿಯಪ್ಪ, ಮುನಿರಾಜು, ಮುನಿವೆಂಕಟಮ್ಮ. ಪೂರ್ತಿ ಹೆಸರು ಸಿಗ್ದೆ ಯಾರ ಮನೆ ಬಾಗಿಲು ತಟ್ಲಿ?”

ಹೀಗೆ ದಿನಕ್ಕೆ ಹತ್ತು ಹೆಸರು. ಮೂರು ತಿಂಗಳಿಂದ ಇದೇ ಕೆಲಸ. “ನಿದ್ದೇಲೂ ನಂಬರ್ ಹೇಳ್ತಾರೆ,” ಎಂದು ಹೆಂಡತಿ ಮುಸರ್ರತ್ ದೂರುತ್ತಾರೆ. “ಮಕ್ಕಳು ಹುಟ್ಟಿದ ತಾರೀಕು ಕೇಳಿ, ಒಂದೂ ಗೊತ್ತಿಲ್ಲ.”

ಜಿಯಾವುಲ್ಲಾ ಅವರಿಗೆ ಮೂವತ್ತೊಂಬತ್ತು ವರ್ಷ. ಆರ್.ಟಿ. ನಗರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. 1983ರಲ್ಲಿ ವಿದೇಶದ ದಾನಿಗಳು ತಾವು ಬಳಸಿ ಬಿಟ್ಟ ಕಂಪ್ಯೂಟರನ್ನು ಟ್ರಸ್ಟಿಗೆ ಕಳಿಸಿದಾಗ, ವೈರು ಗೊತ್ತಿದ್ದವರು ಯಾರಾದರೂ ಬೇಕೆಂದು ಇವರನ್ನು ಕರೆದರು. ಜೊತೆಗೆ ಬಂದ ಪುಸ್ತಕ ಓದಿಯೇ ಅದನ್ನು ನಡೆಸಲು ಕಲಿತರು. ಯಂತ್ರದ ಕೆಲಸ ಒಂದೇ: ಮಾತ್ರೆ ತೆಗೆದುಕೊಂಡು ಹೋಗಲು ಯಾವ ದಿನ ಬರಬೇಕೆಂದು ಪ್ರತಿ ರೋಗಿಗೂ ತಿಂಗಳಿಗೊಂದು ಕಾರ್ಡು ಅಚ್ಚು ಹಾಕುವುದು. ಅದು ಬಂದ ಮೇಲೆ ರಿಜಿಸ್ಟರ್ ಬರೆಯುವುದನ್ನು ಟ್ರಸ್ಟು ನಿಲ್ಲಿಸಿತು. ಹೆಸರು, ವಿಳಾಸ, ಮಾತ್ರೆಯ ಲೆಕ್ಕ ಎಲ್ಲವೂ ಅದರ ಹೊಟ್ಟೆಯಲ್ಲೇ.

ಕಳೆದ ಆಯುಧಪೂಜೆಗೆ ಹೊಸ ಆಪರೇಟಿಂಗ್ ಸಿಸ್ಟಮ್ ಬಂತು. ಯಂತ್ರವನ್ನು ಒಳಗಿನಿಂದ ನಡೆಸುವ ವ್ಯವಸ್ಥೆ ಅದು. ಹಳೆಯದರ ನಕಲು ಇಟ್ಟುಕೊಳ್ಳದೆ ಹಾಕುವುದು ಬೇಡ ಎಂದು ಜಿಯಾವುಲ್ಲಾ ಹೇಳಿದರು. ಆಡಳಿತಾಧಿಕಾರಿ ಕಾಶಿನಾಥ ಬಿಜಾಪುರದ ಕಡೆಯವರು. “ಹಬ್ಬದ ದಿನಾನ ಹೊಸಾದು ಚಾಲೂ ಆಗಬೇಕ್ರಿ. ಒಳ್ಳೇ ದಿನ ಮತ್ತ ಯಾವಾಗ ಸಿಗ್ತದ?” ಎಂದರು. ರೋಗಿಗಳ ವಿವರದ ನಕಲಿದ್ದ ಟೇಪು ಒಂದೇ. ಹೊರಗಿನಿಂದ ಬಂದಿದ್ದ ಎಂಜಿನಿಯರು ಇದ್ದ ನಕಲನ್ನು ಅಳಿಸಿ ಹೊಸ ವ್ಯವಸ್ಥೆಯ ಪ್ರತಿಯನ್ನು ಅದರ ಮೇಲೆಯೇ ಬರೆದಿಟ್ಟು ಊಟಕ್ಕೆ ನಿಲ್ಲದೆ ಹೊರಟುಹೋದ.

ಕುಂಬಳಕಾಯಿ ಒಡೆದ ಮೇಲೆ ಕಾರ್ಡು ಅಚ್ಚಿಗೆ ಹಾಕಿದರು. ಹನ್ನೆರಡನೆಯ ಕಾರ್ಡಿಗೆ ಯಂತ್ರ ನಿಂತಿತು. ಕಾರ್ಡು ಬರೆಯುವ ಪ್ರೋಗ್ರಾಮು ಹಳೆಯ ವ್ಯವಸ್ಥೆಗೆ ಮಾಡಿದ್ದು, ಹೊಸದಕ್ಕೆ ಹೊಂದಲಿಲ್ಲ. “ಇನ್ನೊಮ್ಮೆ ಹಾಕ್ರಿ, ನೋಡೂಣು,” ಎಂದರು ಕಾಶಿನಾಥ. ಹಾಕಿದರು, ನಿಂತಿತು. ಒಟ್ಟು ನಾಲ್ಕು ಸಲ. ಪ್ರತಿ ಸಲವೂ ಅದು ಒಬ್ಬೊಬ್ಬರ ವಿವರದಲ್ಲೂ ಒಂದೊಂದು ತುಂಡು ಅಳಿಸುತ್ತ ಹೋಯಿತು. ಕೊನೆಗೆ ಉಳಿದದ್ದು ಇಂಗ್ಲಿಷಿನಲ್ಲಿ ಹೆಸರಿನ ಮೊದಲ ಎಂಟು ಅಕ್ಷರ, ಊರಿನ ಮೊದಲ ಎಂಟು ಅಕ್ಷರ.

“ಮೂರನೇ ಸಲಕ್ಕೇ ಅನುಮಾನ ಬಂತು, ಒಳಗೆ ಏನೋ ಅಳಿಸ್ತಾ ಇದೆ ಅಂತ,” ಎನ್ನುತ್ತಾರೆ ಜಿಯಾವುಲ್ಲಾ. “ಸಾಹೇಬ್ರಿಗೆ ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ನಾಲ್ಕನೇ ಸಲ ಒತ್ತಿದ್ದು ಈ ಬೆರಳೇ.”

ಕಾರ್ಡುಗಳು ನಿಂತವು. ರೋಗಿಗಳು ತಾವಾಗಿಯೇ ಬರುತ್ತಾರೆ ಎಂದುಕೊಂಡರು ಟ್ರಸ್ಟಿನವರು. ಬರಲಿಲ್ಲ. ಕ್ಷಯದ ಮಾತ್ರೆ ನಡುವೆ ಬಿಟ್ಟರೆ ರೋಗ ಮರಳುತ್ತದೆ, ಎರಡನೆಯ ಸಲ ಅದೇ ಮಾತ್ರೆಗೆ ಬಗ್ಗದಿರಬಹುದು. ಪ್ರೋಗ್ರಾಮು ಕೆಟ್ಟ ಮೇಲೆ ಯಂತ್ರ ಒಳಗೆ ಉಳಿದದ್ದನ್ನು ಬರೀ ಅಂಕಿಗಳಾಗಿ ಅಚ್ಚು ಹಾಕುತ್ತಿತ್ತು; ಆಗ ಜಿಯಾವುಲ್ಲಾ ಆ ಕಾಗದ ಬಿಚ್ಚಿ ಕೂತರು.

ಒಂಬತ್ತಕ್ಕೆ ಸೈಕಲ್ ಹತ್ತುತ್ತಾರೆ. ಇವತ್ತಿನ ಚೀಟಿಯಲ್ಲಿ ಮೊದಲು ಅಲ್ಲಾಳಸಂದ್ರ, ‘ಮುನಿಕೆಂಪ್’. ಊರ ಬಾಗಿಲಲ್ಲಿ ಚಹದಂಗಡಿಯ ಬ್ಯಾಟರಾಯಪ್ಪ ಚೀಟಿ ನೋಡಿ ನಗುತ್ತಾನೆ.

“ಮುನಿಕೆಂಪಣ್ಣನೋ, ಮುನಿಕೆಂಪಯ್ಯನೋ, ಮುನಿಕೆಂಪಮ್ಮನೋ? ಗಂಡೋ ಎಣ್ಣೋ ಅನ್ನೋದೂ ಗೊತ್ತಿಲ್ದೆ ಉಡುಕಕ್ಕೆ ಬಂದವ್ರಲ್ಲಪ್ಪ ಸಾಯೇಬ್ರು!”

“ಕೆಮ್ಮೋರು ಯಾರಣ್ಣ?”

ಅವನ ನಗು ನಿಲ್ಲುತ್ತದೆ. “ಅಂಗಾದ್ರೆ ಕೆರೆ ಕಡೆ ಓಗಿ.”

ಕೆರೆಯ ಬದಿಯ ಮನೆಯ ಜಗಲಿಯಲ್ಲಿ ಮುನಿಕೆಂಪಮ್ಮ ಗೋಡೆಗೆ ಒರಗಿ ಕೂತಿದ್ದಾರೆ. ಮೈಯಲ್ಲಿ ಮೂಳೆ ಬಿಟ್ಟರೆ ಏನಿಲ್ಲ. ಒಳಗೆ ಹೋಗಿ ಒಂದು ತಂತಿ ತರುತ್ತಾರೆ. ಅದಕ್ಕೆ ಪೋಣಿಸಿದ ಹನ್ನೊಂದು ಕಾರ್ಡು.

“ತಿಂಗ್ಳು ತಿಂಗ್ಳು ಕಾಗ್ದ ಬತ್ತಿತ್ತು, ಓಯ್ತಿದ್ದೆ. ಆಮೇಕೆ ನಿಂತೋಯ್ತು. ವಾಸಿ ಆಗೈತೆ, ಅದ್ಕೇ ಕರೀತಿಲ್ಲ ಅಂದ್ಕಂಡೆ ಕಣಪ್ಪ. ದೇವ್ರಿಗೆ ಕಾಯಿನೂ ಒಡಿಸ್ದೆ.”

ಜಿಯಾವುಲ್ಲಾ ಸೋಲದೇವನಹಳ್ಳಿಯಲ್ಲೂ ಚಿಕ್ಕಬಾಣಾವರದಲ್ಲೂ ಇದೇ ಮಾತು ಕೇಳಿದ್ದಾರೆ. ಕಾರ್ಡು ನಿಂತಿತು, ಅಂದರೆ ಬಿಡುಗಡೆ ಆಯಿತು. ಅಷ್ಟು ತಿಂಗಳು ಯಂತ್ರದ ಮಾತನ್ನು ನಂಬಿದ್ದವರು ಅದರ ಮೌನವನ್ನೂ ನಂಬಿದ್ದರು.

“ಅಮ್ಮ, ಮಾತ್ರೆ ತಗೊಳ್ಳೋದು ಇನ್ನೂ ಐತೆ. ನಡೀರಿ, ಬಸ್ಸಿಗೆ ಹೋಗಾಣ,” ಎಂದು ಕೈ ಹಿಡಿದು ಎಬ್ಬಿಸುತ್ತಾರೆ. ಅವರು ಎದ್ದು ಕೆಮ್ಮುತ್ತಾರೆ. ಸೆರಗಿನಲ್ಲಿ ರಕ್ತ.

ದೊಡ್ಡ ಆಸೆಯೇನೂ ಜಿಯಾವುಲ್ಲಾ ಅವರಿಗಿಲ್ಲ. “ಯುಗಾದಿ ಒಳಗೆ ಕೊನೇ ಸಾಲು ಓದಿ ಮುಗಿಸ್ಬೇಕು. ಅಷ್ಟೇ.” ಸಂಜೆ ನೋಟ್‌ಬುಕ್ಕಿನಲ್ಲಿ ಆ ದಿನದ್ದನ್ನು ಬರೆದುಕೊಳ್ಳುತ್ತಾರೆ. ಒಟ್ಟು ಸಾವಿರದ ನೂರ ನಲವತ್ತಾರು ಹೆಸರು. ಮಾತ್ರೆಗೆ ಮರಳಿದವರು, ಮುನಿಕೆಂಪಮ್ಮನೂ ಸೇರಿ, ಎಂಟುನೂರ ಎಪ್ಪತ್ತೊಂದು. ಇನ್ನೂ ಸಿಗದವರು ಇನ್ನೂರ ನಲವತ್ತನಾಲ್ಕು. ಇವರು ಬಾಗಿಲು ತಟ್ಟುವ ಮೊದಲೇ ಸತ್ತವರು ಮೂವತ್ತೊಂದು.